ಎಡಗೈ ಹೊಲಿಗೆ

ನನ್ನ ಮಾವನವರು ಕಾರು ಆರಿಸಿದಷ್ಟು ಎಚ್ಚರದಿಂದ ಕಿರ್ಗಿಸ್ತಾನದ ನಮ್ಮ ಕೊಚ್ಕೋರ್‌ನಲ್ಲಿ ಯಾರೂ ಸೊಸೆಯನ್ನೂ ಆರಿಸಿರಲಿಕ್ಕಿಲ್ಲ. ನನ್ನನ್ನಂತೂ ಒಂದೇ ಮಧ್ಯಾಹ್ನ, ಎರಡು ಬಟ್ಟಲು ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಪ್ಪಿಕೊಂಡಿದ್ದರು. ಕಾರಿಗೆ ಮೂರು ಭಾನುವಾರ ಹಿಡಿಯಿತು. ಮೂರು ಸಲವೂ ನಸುಕಿನಲ್ಲೆದ್ದು ರಾಜಧಾನಿ ಬಿಷ್ಕೆಕ್‌ನ ಕಾರಿನ ಸಂತೆಗೆ ಹೋದರು. ಜೇಬಿನಲ್ಲಿ ಕರವಸ್ತ್ರ ಸುತ್ತಿದ ಅಯಸ್ಕಾಂತ. ಮೂವತ್ತೇಳು ವರ್ಷ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವರು. ಬಣ್ಣದ ಕೆಳಗೆ ಪುಟ್ಟಿ ಬಳಿದಿದ್ದರೆ ಅಯಸ್ಕಾಂತ ಅಂಟುವುದಿಲ್ಲ ಎಂದು ಸಂತೆಯ ದಲ್ಲಾಳಿಗಳಿಗೇ ಪಾಠ ಹೇಳಿ ಬಂದಿದ್ದರಂತೆ. ಅವರ ಹೆಸರನ್ನು ಸೊಸೆಯಾದ ನಾನು ಬಾಯಲ್ಲಿ ಹೇಳುವಂತಿಲ್ಲ. ಹಾಗಾಗಿ ಇಲ್ಲಿಯೂ ಮಾವನವರು ಎಂದೇ ಇರಲಿ.

ಇಷ್ಟೆಲ್ಲ ಎಚ್ಚರ ಸುಯುನ್‌ಗಾಗಿ. ಹಿಂದಿನ ಶರತ್ಕಾಲದಲ್ಲಿ ಬೋಮ್ ಕಣಿವೆಯ ಇಳಿಜಾರಿನಲ್ಲಿ ನಮ್ಮ ಹಳೇ ಸೋವಿಯತ್ ಕಾಲದ ಗಾಡಿಗೆ ಬ್ರೇಕ್ ಹಿಡಿಯದೆ, ರಸ್ತೆಬದಿಯ ಜಲ್ಲಿರಾಶಿಗೆ ನುಗ್ಗಿಸಿ ನಿಲ್ಲಿಸಬೇಕಾಗಿ ಬಂತು. ಮಗುವಿನ ಹಣೆ ಒಡೆಯಿತು. ಎರಡು ಹೊಲಿಗೆ ಬಿತ್ತು. ಮಾವನವರು ಆ ಗಾಡಿಯನ್ನು ಗುಜರಿಗೆ ಹಾಕಿ, ಇನ್ನು ಕೊಂಡರೆ ಮಗು ಕೂರುವಂಥ ಗಾಡಿಯನ್ನೇ ಕೊಳ್ಳುವುದು, ಇಲ್ಲದಿದ್ದರೆ ಕುದುರೆಯೇ ಸಾಕು ಎಂದುಬಿಟ್ಟರು.

ಸುಯುನ್ ನನ್ನ ಮಗಳು. ಹೊತ್ತವಳು ನಾನು, ಹೆತ್ತವಳು ನಾನು. ಆದರೆ ಚೊಚ್ಚಲು ಮಗು ಅಜ್ಜ ಅಜ್ಜಿಯ ಪಾಲು. ಈ ಮನೆಯಲ್ಲಿ ಅದು ಮೊದಲಿನಿಂದ ನಡೆದುಕೊಂಡು ಬಂದದ್ದು. ಮೊಲೆ ಬಿಡಿಸಿದ ವಾರವೇ ಅವಳ ಪುಟ್ಟ ಹಾಸಿಗೆ ಅವರ ಕೋಣೆಗೆ ಹೋಯಿತು. ಅತ್ತೆಯನ್ನು ಅವಳು ಅಮ್ಮ ಎನ್ನುತ್ತಾಳೆ, ಮಾವನವರನ್ನು ಅಪ್ಪ ಎನ್ನುತ್ತಾಳೆ. ನನ್ನ ಗಂಡ ಎಸೆನ್ ಅವಳಿಗೆ ಅಣ್ಣ, ನಾನು ಅತ್ತಿಗೆ. ಐದು ವರ್ಷವಾಯಿತು. ಒಂದೇ ಸೂರಿನ ಕೆಳಗೆ ಮಗಳು ಎದುರಿಗೇ ಆಡಿಕೊಂಡಿರುವಾಗ ಕೊರಗುವುದಕ್ಕೇನಿದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಅವರವರ ಚೊಚ್ಚಲು ಮಕ್ಕಳು ಅವರವರ ಬಳಿಯೇ ಇವೆ.

ಕಾಗದಪತ್ರ, ಬ್ರೇಕಿನ ಕೆಲಸ ಮುಗಿದು ಕಾರು ಮನೆಗೆ ಬಂದದ್ದು ಗುರುವಾರ. ಬೆಳ್ಳಿ ಬಣ್ಣ, ಮೈಮೇಲೆ ಒಂದು ಗೀರಿಲ್ಲ. ಊರಿಗೆ ಊರೇ ಅಂಗಳದಲ್ಲಿ ನೆರೆಯಿತು. ಟಗರು ಕಡಿದರು. ಅತ್ತೆ ಕಾರಿನ ನೆತ್ತಿಯ ಮೇಲೆ ಮಿಠಾಯಿ, ಚಿಲ್ಲರೆ ಕಾಸು ಎರಚಿದರು. ಮಕ್ಕಳು ಚಕ್ರಗಳ ನಡುವೆ ನುಗ್ಗಿ ಆರಿಸಿಕೊಂಡವು. ಮಾವನವರು ಒಂದೊಂದೇ ಬಾಗಿಲು ತೆರೆದು ತೋರಿಸಿದರು: ಚಕ್ರದ ಮೇಲೆ ಅಚ್ಚಾದ ತಾರೀಕು, ಕಾಲಡಿಯ ಹಾಸು ಎತ್ತಿದರೆ ಕೆಳಗೆ ತುಕ್ಕಿಲ್ಲದ ತಗಡು, ಹೊಸದಾಗಿ ಹಾಕಿಸಿದ ಬ್ರೇಕ್ ಪ್ಯಾಡು. ಕೊನೆಯದಾಗಿ, ಢಿಕ್ಕಿಯಾದರೆ ಉಬ್ಬಿ ಕಾಯುವ ಗಾಳಿಚೀಲ, ಏರ್‌ಬ್ಯಾಗು. ಎಂಟು. ಎಲ್ಲೆಲ್ಲಿ ಗುರುತು ಒತ್ತಿದೆಯೋ ಅಲ್ಲೆಲ್ಲ ಬೆರಳಿಟ್ಟು ಎಣಿಸಿದರು. ಕೀಲಿ ತಿರುಗಿಸಿದಾಗ ಕೆಂಪು ದೀಪ ಹೊತ್ತಿ, ಮೂರು ಎಣಿಸುವಷ್ಟರಲ್ಲಿ ಆರಬೇಕು, ಆರಿದರೆ ಚೀಲ ಜೀವಂತ ಇದೆ ಎಂದು ಅರ್ಥ ಎಂದರು. ದೀಪ ಹೊತ್ತಿತು, ಆರಿತು. ಮುದುಕರೆಲ್ಲ ತಲೆದೂಗಿದರು.

ನಾನು ಚಹಾದ ತಟ್ಟೆ ಹಿಡಿದು ಕಾರಿನ ಪಕ್ಕದಲ್ಲೇ ನಿಂತಿದ್ದೆ. ಮುಂದಿನ ಸೀಟಿನ ಎದುರಿನ ಡ್ಯಾಶ್‌ಬೋರ್ಡ್ ಹಲಗೆಗೆ ಬೂದು ಚರ್ಮ ಹೊದಿಸಿತ್ತು, ಅಂಚಿನಲ್ಲಿ ಎರಡೆಳೆ ಹೊಲಿಗೆ. ಹೊಲಿಗೆಯ ಕಣ್ಣುಗಳು ಬಲಕ್ಕೆ ವಾಲುವ ಬದಲು ಎಡಕ್ಕೆ ವಾಲಿದ್ದವು. ಮೂಲೆಯಲ್ಲಿ ಕೊನೆಯ ಮೂರು ಹೊಲಿಗೆ ಒಂದು ಛಾಯೆ ತಿಳಿ. ಆ ದಿನ ಬೂದು ದಾರ ಮುಗಿದುಹೋಗಿತ್ತು. ನಾನು ಎಡಚಿ.

ನನ್ನ ಕೈಯಿಂದ ತಟ್ಟೆ ಬೀಳಲಿಲ್ಲ, ಅದೊಂದು ಪುಣ್ಯ.

ಮದುವೆಗೆ ಮುಂಚೆ ಬಿಷ್ಕೆಕ್‌ನಲ್ಲಿ ಪರದೆ ಹೊಲಿಯುತ್ತಿದ್ದೆ ಎಂದು ಈ ಮನೆಯವರಿಗೆ ಹೇಳಿದ್ದೆ. ಹೊಲಿಯುತ್ತಿದ್ದದ್ದು ನಿಜ. ಪರದೆಯಲ್ಲ. ಗಾಡಿ ಬಿಡಿಭಾಗಗಳ ಬಜಾರಿನ ಹಿಂದೆ ಬಕಾಸ್ ಎಂಬವನ ಒಂದು ಶೆಡ್ಡಿತ್ತು. ಎಲ್ಲೆಲ್ಲೋ ಢಿಕ್ಕಿ ಹೊಡೆದು, ಹಡಗು ಹತ್ತಿ ಬಂದ ಗಾಡಿಗಳು ಅಲ್ಲಿಗೆ ಬರುತ್ತಿದ್ದವು. ಒಳಗೆ ಚೀಲ ಸಿಡಿದು ಹರಿದ ಹಲಗೆ, ಸೀಟಿನ ತುಂಬ ಬಿಳಿ ಪುಡಿ. ಮೊದಲು ಆ ಪುಡಿ ಒರೆಸಬೇಕು. ಆಮೇಲೆ ಹರಿದಲ್ಲಿ ಹತ್ತಿ, ಸ್ಪಂಜು ತುರುಕಿ, ಮೇಲೆ ಹೊಸ ಚರ್ಮ ಎಳೆದು ಹೊಲಿಯಬೇಕು. ದೀಪಕ್ಕೆ ಬಕಾಸ್ ಅಕ್ಕಿಕಾಳಿನಷ್ಟು ಸಣ್ಣ ಒಂದು ಬಿಡಿಭಾಗ ಬೆಸೆಯುತ್ತಿದ್ದ. ಅಲ್ಲಿಗೆ ದೀಪ ಹೊತ್ತುತ್ತದೆ, ಆರುತ್ತದೆ, ಎಲ್ಲ ಸರಿಯಿದೆ ಎಂದು ಸುಳ್ಳು ಹೇಳುತ್ತದೆ. ಹೊಸ ಚೀಲ ಯಾಕೆ ಹಾಕೋಲ್ಲ ಎಂದು ಒಮ್ಮೆ ಕೇಳಿದ್ದೆ. ಚೀಲವನ್ನು ಯಾರೂ ನೋಡೋಲ್ಲ, ಹೊಲಿಗೆ ನೋಡ್ತಾರೆ ಎಂದಿದ್ದ. ಕೈಕೆಲಸ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ನನಗೂ ಹೆಮ್ಮೆ ಇತ್ತು; ಸುಳ್ಳೇಕೆ ಹೇಳಲಿ. ಗಾಡಿಯಲ್ಲಿ ಯಾರು ಕೂರುತ್ತಾರೆ ಎಂದು ಆಗ ತಲೆಗೆ ಹೋಗಿರಲಿಲ್ಲ. ಇಪ್ಪತ್ತರ ಹುಡುಗಿಗೆ ಮೂಗಿನ ತುದಿಯಾಚೆಗೆ ಲೋಕ ಎಲ್ಲಿರುತ್ತದೆ?

ಈಗ ಆ ಗಾಡಿ ನನ್ನ ಅಂಗಳಕ್ಕೇ ಬಂದು ನಿಂತಿತ್ತು. ಮಾವನವರು ಸುಯುನ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು, ಊರನ್ನು ಎರಡು ಸುತ್ತು ಹಾಕಿಸಿದರು. ಬೆಲ್ಟ್ ಹಾಕುವ ಮಾತೇ ಇಲ್ಲ. ಹಿರಿಯರು ಗಾಡಿ ಓಡಿಸುವಾಗ ಪಕ್ಕದವರು ಬೆಲ್ಟ್ ಬಿಗಿದರೆ ನಿಮ್ಮ ಕೈಮೇಲೆ ನನಗೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಹಿಂದಿನ ಸೀಟಿನ ಬೆಲ್ಟುಗಳನ್ನಂತೂ ಅತ್ತೆ ಸಂಜೆಯೊಳಗೇ ಕಸೂತಿಯ ಉಣ್ಣೆಹಾಸಿನ ಕೆಳಗೆ ಸೇರಿಸಿ, ಅಂದವಾಗಿ ಮುಚ್ಚಿಬಿಟ್ಟಿದ್ದರು. ಬರುವ ಭಾನುವಾರ ತೊಕ್ಮೋಕ್‌ನಲ್ಲಿ ನೆಂಟರ ಮದುವೆ. ದಾರಿ ಅದೇ ಬೋಮ್ ಕಣಿವೆ. ಸುಯುನ್ ಮುಂದೆ, ಮಾವನವರ ತೊಡೆಯ ಮೇಲೆ ಎಂದು ಆಗಲೇ ತೀರ್ಮಾನವಾಗಿತ್ತು.

ಎಸೆನ್‌ಗೆ ಹೇಳಿದೆ. ಮಾರನೆಯ ಮಧ್ಯಾಹ್ನ ಅವನು ಅಟ್ಟಕ್ಕೆ ಹುಲ್ಲು ಏರಿಸುತ್ತಿದ್ದ. ಶೆಡ್ಡು, ಬಕಾಸ್, ಹತ್ತಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ಕವೆಗೋಲಿಗೆ ಒರಗಿ ನಿಂತು ಕೇಳಿಸಿಕೊಂಡ. ನನ್ನ ಗಂಡ ಕೆಟ್ಟವನಲ್ಲ. ಕೊನೆಯ ಮಗ, ಅಪ್ಪ ಅಮ್ಮನ ಜೊತೆ ಉಳಿದವನು. ಅಪ್ಪನ ಎದುರು ಸ್ವರ ಎತ್ತಿ ಅಭ್ಯಾಸವಿಲ್ಲ, ಅಷ್ಟೆ.

"ಅಪ್ಪನ ಹತ್ರ ಹೋಗಿ ಏನಂತ ಹೇಳ್ಲಿ ನಾನು?" ಎಂದ. "ಮೂರು ವಾರ ಅಲೆದು ನೀವು ತಂದಿದ್ದು ಖಾಲಿ ಡಬ್ಬ, ಅದನ್ನ ಹೊಲಿದು ಮುಚ್ಚಿದ್ದು ನನ್ನ ಹೆಂಡ್ತಿ ಅಂತಲಾ? ಊರೆಲ್ಲ ಟಗರು ತಿಂದು ಹೋಗಿದೆ ಕಣೇ."

ಮಗು ಮುಂದೆ ಕೂರುತ್ತೆ ಎಂದೆ. ನಿಧಾನವಾಗಿ ಓಡಿಸೋಕೆ ಹೇಳ್ತೀನಿ ಎಂದ. ಮತ್ತೆ ಹುಲ್ಲಿಗೆ ಕವೆ ಚುಚ್ಚಿದ.

ಅತ್ತೆಯ ಬಳಿ ಅಷ್ಟೆಲ್ಲ ಹೇಳುವ ಧೈರ್ಯ ಬರಲಿಲ್ಲ. ಮದುವೆಗೆ ಒಯ್ಯಲು ಬೋರ್ಸೋಕ್ ಕರಿಯುತ್ತಿದ್ದೆವು; ಅವರು ಹಿಟ್ಟು ಕತ್ತರಿಸುತ್ತಿದ್ದರು, ನಾನು ಎಣ್ಣೆಯ ಮುಂದೆ. ದಾರಿ ಕೆಟ್ಟದ್ದು, ಸುಯುನ್ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂರಲಿ ಎಂದಷ್ಟೇ ಮೆಲ್ಲಗೆ ಅಂದೆ. ಅತ್ತೆಯ ಚಾಕು ನಿಂತಿತು.

"ಇವತ್ತು ಹಿಂದಿನ ಸೀಟು ಅಂತೀಯ. ನಾಳೆ ನಿನ್ನ ಪಕ್ಕ ಅಂತೀಯ. ನಾಡಿದ್ದು ನಿನ್ನ ಕೋಣೆ ಅಂತೀಯ," ಎಂದರು. ಸಿಟ್ಟಿನಿಂದಲ್ಲ, ದಣಿದವರ ಹಾಗೆ. "ನಂಗೆ ತಿಳಿಯೋಲ್ವಾ? ನಾನೂ ಒಂದನ್ನ ನಮ್ಮತ್ತೆಗೆ ಕೊಟ್ಟವಳೇ. ಅವನಿಗೆ ಈಗ ನಲವತ್ತು ತುಂಬ್ತು, ಇನ್ನೂ ನನ್ನನ್ನ ಅತ್ತಿಗೆ ಅಂತಾನೇ ಕರೀತಾನೆ. ನಾನೇನು ಸತ್ತುಹೋದ್ನಾ?"

ನನಗೆ ಸಿಕ್ಕಿಹಾಕಿಕೊಂಡ ಹಾಗಾಯಿತು. ಮಗುವಿನ ವಿಷಯದಲ್ಲಿ ನಾನು ಏನೇ ಅಂದರೂ ಅದು ಮಗುವನ್ನು ಮರಳಿ ಕೇಳಿದಂತೆಯೇ ಕೇಳಿಸುತ್ತದೆ. ಚಳಿ, ಟೋಪಿ ಹಾಕಿ ಎಂದರೂ ಅಷ್ಟೆ. ಕಾರಿನ ವಿಷಯ ಎತ್ತಿದರೆ ಮಾವನವರ ಮಾನ ಹೋಗುತ್ತದೆ. ನನ್ನ ವಿಷಯ ಎತ್ತಿದರೆ ನಾನು ಹೋಗುತ್ತೇನೆ. ಮಾತಾಡುವುದಕ್ಕೆ ಉಳಿದ ವಿಷಯವೆಂದರೆ ಎಣ್ಣೆ ಕಾದಿದೆಯೋ ಇಲ್ಲವೋ ಎಂಬುದೊಂದೇ.

ಶನಿವಾರ ಮಧ್ಯಾಹ್ನ ಮಾವನವರು ಕಾಲಿನಿಂದ ಒತ್ತುವ ಪಂಪು ತಂದು ಚಕ್ರಗಳಿಗೆ ಗಾಳಿ ಹಾಕಲು ಕೂತರು. ಬಂದ ಎರಡು ದಿನದಲ್ಲೇ ಎಂಜಿನ್ ಎಣ್ಣೆ ಬದಲಿಸಿದ್ದರು, ಬ್ರೇಕಿನ ದ್ರವ ನೋಡಿದ್ದರು, ಒಂದು ನೋಟುಪುಸ್ತಕದಲ್ಲಿ ಯಾವ ತಿಂಗಳು ಏನು ನೋಡಬೇಕೆಂದು ಗೆರೆ ಎಳೆದು ಬರೆದಿದ್ದರು. ಚಳಿಗೆ ಗಾಳಿ ಕುಗ್ಗುತ್ತದೆ, ಅದಕ್ಕೇ ಚಳಿಗಾಲದಲ್ಲಿ ಮತ್ತೆ ಮತ್ತೆ ಅಳೆಯಬೇಕು ಎಂದು ಸುಯುನ್‌ಗೆ ವಿವರಿಸುತ್ತಿದ್ದರು. ಅವಳು ಸ್ಟೀರಿಂಗ್ ತಿರುಗಿಸುತ್ತ ಹೂಂಗುಟ್ಟುತ್ತಿದ್ದಳು. ಆ ಮನುಷ್ಯ ಮಾಡದೆ ಬಿಟ್ಟ ಕೆಲಸ ಒಂದೂ ಇರಲಿಲ್ಲ. ಒಳಗೆಲ್ಲ ಒರೆಸು ಎಂದು ಅತ್ತೆ ನನ್ನನ್ನು ಕಳಿಸಿದ್ದರು. ಒದ್ದೆ ಬಟ್ಟೆ ಒಂದು ಕೈಯಲ್ಲಿ, ಹೊಲಿಗೆ ಬಿಚ್ಚುವ ಬ್ಲೇಡು ಅಂಗಿಯ ಜೇಬಿನಲ್ಲಿ.

ಅಮ್ಮ ಕರೀತಿದ್ದಾರೆ ಎಂದು ಸುಯುನ್‌ಳನ್ನು ಒಳಗೆ ಅಟ್ಟಿದೆ. ತಿಳಿ ಬಣ್ಣದ ಆ ಮೂರು ಹೊಲಿಗೆಯಿಂದಲೇ ಶುರುಮಾಡಿ, ಒಂದು ತುದಿಯಿಂದ ಇನ್ನೊಂದಕ್ಕೆ ಬಿಚ್ಚಿದೆ. ಚರ್ಮ ಬಾಯಿ ತೆರೆಯಿತು. ಹಳದಿ ಸ್ಪಂಜು, ಹತ್ತಿ, ಯಾವುದೋ ಹಳೆ ಕಂಬಳಿಯ ತುಂಡು. ಏಳು ವರ್ಷ ಕಳೆದರೂ ನಾನು ತುರುಕಿದ್ದು ತುರುಕಿದ ಹಾಗೇ ಇತ್ತು.

ಪಂಪಿನ ಸದ್ದು ನಿಂತಿತು. ಮಾವನವರು ಬಾಗಿಲ ಬಳಿ ಬಂದು, "ಏನ್ ಮಾಡ್ತಿದ್ದೀ ಮಗಳೇ?" ಎಂದರು. ನಾನು ನೆಲ ನೋಡುತ್ತ ಸರಿದು ನಿಂತೆ. ಅವರು ಮೊಣಕೈವರೆಗೆ ಕೈ ಹಾಕಿ ಎಲ್ಲವನ್ನೂ ಹೊರಗೆಳೆದರು. ಮತ್ತೇನೂ ಸಿಗದಿದ್ದಾಗ ಬ್ಲೇಡಿಗಾಗಿ ಕೈ ಚಾಚಿದರು. ಕೊಟ್ಟೆ. ಸ್ಟೀರಿಂಗಿನ ನಡುವಿನ ಮುಚ್ಚಳವನ್ನು ತಾವೇ ಎಬ್ಬಿಸಿದರು. ಅಲ್ಲಿ ಹತ್ತಿಯೂ ಇರಲಿಲ್ಲ, ಒಂದು ತಗಡಿನ ತುಂಡಿತ್ತು.

"ದೀಪ ಆರ್ತಿತ್ತಲ್ಲ," ಎಂದರು. ಅಷ್ಟು ಸಣ್ಣ ಸ್ವರವನ್ನು ನಾನು ಅವರಿಂದ ಕೇಳಿರಲಿಲ್ಲ.

ದೀಪ ಯಾಕೆ ಆರುತ್ತದೆ ಎಂದು ಹೇಳಿದೆ. ಅಕ್ಕಿಕಾಳಿನಷ್ಟೇ ಇರುವ ಆ ಬಿಡಿಭಾಗ ಏನು, ಎಲ್ಲಿ ಬೆಸೆಯುತ್ತಾರೆ, ಯಾಕೆ ಪತ್ತೆಯಾಗುವುದಿಲ್ಲ, ಎಲ್ಲ. ಏಳು ವರ್ಷದಲ್ಲಿ ಅವರೆದುರು ನಾನಾಡಿದ ಅತಿ ಉದ್ದದ ಮಾತು ಅದು. ಅವರು ಹುಷಾರಾದ ವಿದ್ಯಾರ್ಥಿ ಉತ್ತರ ಹೇಳುವಾಗ ಕೇಳುವ ಮೇಷ್ಟರಂತೆ ಕೇಳಿಸಿಕೊಂಡರು. ಕೊನೆಗೆ ನಿಂಗೆ ಹೇಗೆ ಗೊತ್ತು ಎಂದು ಕೇಳಿದರು.

"ನಾನೇ ಹೊಲಿದಿದ್ದು," ಎಂದೆ.

ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಇಂಥವು ಎಷ್ಟು ಹೊಲಿದಿದ್ದೀ ಎಂದು ಕೇಳಿದರು, ಎಣಿಸಿಲ್ಲ ಎಂದೆ. ಹತ್ತಿಯನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಕಾರಿನ ಮೇಲೆ ಹೊದಿಕೆ ಎಳೆದು ಒಳಗೆ ಹೋದರು. ಮಾರನೆಯ ದಿನ ಹೊಟ್ಟೆ ಸರಿಯಿಲ್ಲ ಎಂದರು. ಮದುವೆಗೆ ಯಾರೂ ಹೋಗಲಿಲ್ಲ. ಕರಿದ ಬೋರ್ಸೋಕನ್ನು ನಾವೇ ವಾರವಿಡೀ ತಿಂದೆವು. ಎರಡು ದಿನ ಅವರು ಸುಯುನ್‌ಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ. ಅವಳು ಹತ್ತಲು ಹೋದರೆ ಮೊಣಕಾಲು ನೋವು ಎನ್ನುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಅತ್ತೆ ನನ್ನ ಕೋಣೆಗೆ ಬಂದರು. ಕಂಕುಳಲ್ಲಿ ಸುಯುನ್‌ಳ ದಿಂಬು. ಕಣ್ಣು ಊದಿತ್ತು.

"ಮಗು ಇನ್ನು ನಿನ್ನ ಹತ್ರಾನೇ ಮಲಗ್ಲಿ ಅಂದ್ರು. ಕಾರನ್ನ ಮೊದಲಿನ ಹಾಗೇ ಹೊಲಿದುಕೊಡ್ಬೇಕಂತೆ, ಭಾನುವಾರ ಸಂತೆಗೆ ಒಯ್ತಾರೆ," ಎಂದರು.

ಎರಡೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದರು. ಮಗುವನ್ನು ಖಾಲಿ ಡಬ್ಬದ ಮುಂದೆ ಹಿಡಿದು ಕೂತ ತಮಗೆ ಸಾಕುವ ಯೋಗ್ಯತೆ ಇಲ್ಲ ಎಂದು ಮಾವನವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಂಡರೋ, ಅಥವಾ ಇದಕ್ಕೆ ಅದು ಎಂದು ಲೆಕ್ಕ ಹಾಕಿದರೋ ನನಗೆ ಇಂದಿಗೂ ಗೊತ್ತಿಲ್ಲ. ಎರಡಕ್ಕೂ ಸಂಬಂಧವಿದೆಯಾ ಎಂದು ಕೇಳಲಿಲ್ಲ. ಇದೆ ಎಂದುಬಿಟ್ಟರೆ ಎಂಬ ಹೆದರಿಕೆ. ದಿಂಬನ್ನು ಇಸಿದುಕೊಂಡೆ. ಅದರಲ್ಲಿ ಅತ್ತೆಯ ಕೋಣೆಯ ವಾಸನೆಯಿತ್ತು.

ಹೊಲಿಯಲು ಕೂತಾಗ ಒಂದು ಯೋಚನೆ ಬಂತು. ವಕ್ರವಾಗಿ ಹೊಲಿದರೆ? ನಾಲ್ಕು ಕಣ್ಣು ತಪ್ಪಿಸಿ, ಅಲ್ಲಲ್ಲಿ ಚರ್ಮ ಸುಕ್ಕಾಗಿಸಿಬಿಟ್ಟರೆ? ಕಣ್ಣಿದ್ದವನು ಯಾರಾದರೂ ಹಿಡಿಯುತ್ತಾನೆ. ಬಲಗೈಯಲ್ಲಿ ಸೂಜಿ ಹಿಡಿದೂ ನೋಡಿದೆ. ಆದರೆ ಗಾಡಿ ಮಾರಾಟವಾಗದೆ ಮರಳಿ ಬಂದರೆ? ದಿಂಬೂ ಮರಳಿ ಹೋದರೆ? ಸೂಜಿಯನ್ನು ಎಡಗೈಗೆ ಬದಲಾಯಿಸಿದೆ. ಈ ಸಲ ದಾರ ಸಾಕಷ್ಟಿತ್ತು. ನಾನು ಹೊಲಿದ ಹೊಲಿಗೆಗಳಲ್ಲೆಲ್ಲ ಇದೇ ಅತಿ ಚೆಂದದ್ದು.

ಸುಯುನ್ ಪಕ್ಕದಲ್ಲಿ ಕೂತು ದಾರದ ತುದಿ ಕತ್ತರಿಸಿ ಕೊಡುತ್ತಿದ್ದಳು. ಇದರೊಳಗೆ ಏನಿದೆ ಅತ್ತಿಗೆ ಎಂದಳು. ಹತ್ತಿ ಎಂದೆ. ದಿಂಬಿನ ಹಾಗಾ ಎಂದಳು. ಹೂಂ, ದಿಂಬಿನ ಹಾಗೆ. ಅವಳಿಗೆ ಖುಷಿಯಾಯಿತು.

ಭಾನುವಾರ ನಾನೂ ಸುಯುನ್‌ಳೂ ಜೊತೆಗೆ ಹೊರಟೆವು. ಹೆಂಗಸು, ಮಗು ಜೊತೆಗಿದ್ದರೆ ಸಂಸಾರದ ಗಾಡಿ ಎಂದು ಬೇಗ ಹೋಗುತ್ತದೆ ಎಂಬುದು ಎಸೆನ್‌ನ ಉಪಾಯ. ಊರಿನವರಿಗೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಅದಕ್ಕೆ ಕೊಡುತ್ತಿದ್ದೇವೆ ಎಂದು ಹೇಳಿಯಾಗಿತ್ತು. ಉಣ್ಣೆಹಾಸಿನ ಕೆಳಗಿಂದ ಬೆಲ್ಟು ಕಿತ್ತು ತೆಗೆದು ಮಗುವಿಗೆ ಬಿಗಿದೆ. ಮಾವನವರು ಕನ್ನಡಿಯಲ್ಲಿ ನೋಡಿ, ಗಾಡಿ ಹೊರಡಿಸಿದರು. ಬೋಮ್ ಕಣಿವೆಯುದ್ದಕ್ಕೂ ನಲವತ್ತು ದಾಟಿಸಲಿಲ್ಲ. ಹಿಂದಿನ ಲಾರಿಗಳು ಹಾರ್ನ್ ಹೊಡೆದೂ ಹೊಡೆದೂ ಬೈದುಕೊಂಡು ಮುಂದೆ ಹೋದವು.

ಸಂತೆಯಲ್ಲಿ ತುಂಬ ಹೊತ್ತು ಕಾಯಬೇಕಾಗಲಿಲ್ಲ. ತಲಾಸ್ ಕಡೆಯ ಗಂಡಹೆಂಡತಿ ಬಂದರು, ಜೊತೆಗೆ ಮೂರು ವರ್ಷದ ಒಂದು ಹೆಣ್ಣುಮಗು. ಗಂಡ ಚಕ್ರಕ್ಕೆ ಒದ್ದು ನೋಡಿದ, ಎಂಜಿನ್ ಕೇಳಿದ, ದೀಪ ಹೊತ್ತಿ ಆರುವುದನ್ನು ನೋಡಿದ. ಏರ್‌ಬ್ಯಾಗ್ ಎಷ್ಟು ಎಂದಾಗ ಮಾವನವರು ಚಕ್ರದ ಗಾಳಿ ಒತ್ತಿ ನೋಡಲು ಬಗ್ಗಿದರು. ಎಂಟು ಎಂದು ಎಸೆನ್ ಹೇಳಿದ. ಹೆಂಡತಿ ಚುರುಕಿನವಳು. ಗಂಡಸರ ಮಾತಿಗೆ ಕಿವಿಗೊಡದೆ ಮುಂದಿನ ಸೀಟಿನಲ್ಲಿ ಕೂತು, ಹಲಗೆಯ ಮೇಲೆ ಅಂಗೈ ಸವರಿದಳು. ನನ್ನ ಹೊಲಿಗೆಯ ಮೇಲೆ ಅವಳ ಬೆರಳು ನಿಧಾನವಾಗಿ ಹಾದುಹೋಯಿತು. ನಿಲ್ಲಲಿ ಎಂದು ಬೇಡಿಕೊಂಡೆ. ನಿಲ್ಲದಿರಲಿ ಎಂದೂ ಬೇಡಿಕೊಂಡೆ.

ಆಮೇಲೆ ಅವಳು ಇಳಿದು ನೇರ ನನ್ನ ಬಳಿಗೆ ಬಂದಳು. ಸುಯುನ್‌ಳ ಕಡೆ ನೋಡಿ, "ನಿಮ್ಮ ಮಗಳಾ?" ಎಂದಳು.

ಈ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮಾವನವರು ಬೂಟಿನ ತುದಿ ನೋಡುತ್ತ ನಿಂತಿದ್ದರು. ಸುಯುನ್ ಕತ್ತೆತ್ತಿ ನನ್ನನ್ನೇ ನೋಡಿದಳು, ಏನು ಹೇಳುತ್ತೇನೋ ಎಂದು.

"ಹೌದು. ನನ್ನ ಮಗಳು."

"ಮಗಳನ್ನ ಕೂರಿಸ್ಕೊಂಡು ಅಷ್ಟು ದೂರದಿಂದ ಬಂದಿದ್ದೀರಲ್ಲ. ನಂಗಷ್ಟು ಸಾಕು," ಎಂದಳು. "ಗಂಡಸ್ರು ಸಾವಿರ ಹೇಳ್ತಾರೆ. ತಾಯಿ ಕೂರಿಸಿದ್ದಾಳೆ ಅಂದ್ರೆ ಮುಗೀತು."

ನನ್ನ ಬಾಯಿ ತೆರೆಯಿತು. ಒಂದು ಮಾತು ಸಾಕಿತ್ತು. ಒಳಗೆ ಬರೀ ಹತ್ತಿ ಎಂದರೆ ಸಾಕಿತ್ತು. ನನ್ನ ಬಾಯಿಂದ ಬಂದದ್ದು, ಮಗೂನ ಯಾವಾಗ್ಲೂ ಹಿಂದೆ ಕೂರ್ಸಿ ಎಂಬ ಉಪದೇಶ. ಅವಳು ನಕ್ಕಳು. ಇವಳು ಮುಂದೆ ಕೂರದೆ ಬಿಡ್ತಾಳಾ, ಕಿಟಕಿ ಬೇಕು ಎಂದು ಊರು ಒಂದು ಮಾಡ್ತಾಳೆ ಎಂದಳು. ನಾನೂ ಅವಳ ಜೊತೆ ನಕ್ಕೆ. ನಕ್ಕದ್ದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಕೀಲಿ ಕೈ ಬದಲಾಯಿತು. ಕಾರು ನಿಮಗೆ ಒಳ್ಳೆಯದು ಮಾಡಲಿ, ದಾರಿ ಬೆಳಕಾಗಿರಲಿ ಎಂದು ಸಂಪ್ರದಾಯದಂತೆ ಮಾವನವರು ಹರಸಬೇಕಿತ್ತು. ಅವರ ತುಟಿ ಮಾತ್ರ ಅಲ್ಲಾಡಿತು. ಎಲ್ಲರೂ ಅಂಗೈಗಳಿಂದ ಮುಖ ಸವರಿಕೊಂಡು ಓಮಿನ್, ಹಾಗೇ ಆಗಲಿ ಎಂದರು. ನಾನೂ ಅಂದೆ.

ಕಾರು ಸಂತೆಯ ಬಾಗಿಲ ಕಡೆ ತಿರುಗಿತು. ಆ ಮಗು ಮುಂದಿನ ಸೀಟಿನಲ್ಲಿ ತಾಯಿಯ ಮೊಣಕಾಲುಗಳ ನಡುವೆ ನಿಂತು, ಹಲಗೆಯ ಮೇಲೆ ಎರಡೂ ಕೈಯೂರಿ, ಗಾಜಿನಾಚೆ ನೋಡುತ್ತಿತ್ತು. ಅದರ ಹೆಸರನ್ನೂ ನಾನು ಕೇಳಿರಲಿಲ್ಲ. ಸುಯುನ್ ಕೈ ಬೀಸಲು ಹೊರಟವಳು ನಿಂತು, ಬಿಡು ಅತ್ತಿಗೆ, ಕೈ ನೋಯ್ತಿದೆ ಎಂದಳು. ನಾನು ಬಿಡಲಿಲ್ಲ.